ಮೂವರು ತಿದ್ದಿದರೂ ಕೆಡದ ಕಡತ

ಒಂದೇ ಪ್ರಾಜೆಕ್ಟ್ ವರದಿಯನ್ನು ಮೂವರು ವಿದ್ಯಾರ್ಥಿಗಳು ಮೂರು ಮನೆಗಳಲ್ಲಿ ಕುಳಿತು ತಿದ್ದಿದರೆ ಏನಾದೀತು? ಕೊನೆಗೆ ಮೂರು ಪ್ರತಿಗಳು ಉಳಿಯುತ್ತವೆ. ಸರಿಯಾದದ್ದು ಯಾವುದೆಂದು ಯಾರಿಗೂ ತಿಳಿಯದು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೂ ಇದೇ ತೊಡಕು.

ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ದಾಖಲಿಸಿಡುವ ತಂತ್ರಾಂಶಗಳು ಇದಕ್ಕಾಗಿಯೇ ಹುಟ್ಟಿದವು. 1980ರ ದಶಕದ ಆರಂಭದಲ್ಲಿ ವಾಲ್ಟರ್ ಟಿಚಿ ರೂಪಿಸಿದ ಆರ್‌ಸಿಎಸ್ ಅಂಥದ್ದು. ಅದು ಇತ್ತೀಚಿನ ಪ್ರತಿಯನ್ನು ಪೂರ್ತಿಯಾಗಿಟ್ಟು, ಹಿಂದಿನವುಗಳಿಗೆ ವ್ಯತ್ಯಾಸವಾದ ಸಾಲುಗಳನ್ನಷ್ಟೇ ಉಳಿಸುತ್ತದೆ. ಹೀಗಾಗಿ ನೂರು ಸಲ ತಿದ್ದಿದರೂ ನೂರು ಪ್ರತಿಗಳಷ್ಟು ಜಾಗ ಬೇಡ. ಆದರೆ ಒಬ್ಬರು ತಿದ್ದಲು ತೆಗೆದುಕೊಂಡ ಕಡತಕ್ಕೆ ಬೀಗ ಬೀಳುತ್ತಿತ್ತು. ಉಳಿದವರು ಕಾಯಬೇಕಾಗಿತ್ತು.

ಆಮ್‌ಸ್ಟರ್‌ಡ್ಯಾಮಿನ ಅಧ್ಯಾಪಕ ಡಿಕ್ ಗ್ರೂನ್ 1984ರಲ್ಲಿ ಇಬ್ಬರು ವಿದ್ಯಾರ್ಥಿಗಳೊಡನೆ ‘ಸಿ’ ಭಾಷೆಯ ಕಂಪೈಲರ್ ಬರೆಯತೊಡಗಿದರು. ಮೂವರೂ ಕೆಲಸಕ್ಕೆ ಕೂರುವ ಹೊತ್ತು ಬೇರೆ ಬೇರೆ. ಬೀಗದ ಪದ್ಧತಿ ಅವರಿಗೆ ಹೊಂದುವಂತಿರಲಿಲ್ಲ. ಗ್ರೂನ್ ಹೊಸ ವ್ಯವಸ್ಥೆಯನ್ನೇನೂ ಕಟ್ಟಲಿಲ್ಲ; ಆರ್‌ಸಿಎಸ್‌ನ ಮೇಲೆಯೇ ಕೂತು ಅದರಿಂದ ಕೆಲಸ ತೆಗೆಸುವ ಕೆಲವು ಆಜ್ಞಾಸರಣಿಗಳನ್ನು ಬರೆದರು. 1986ರಲ್ಲಿ ಪ್ರಕಟವಾದ ಅದೇ ಸಿವಿಎಸ್. 1989ರಲ್ಲಿ ಬ್ರಯಾನ್ ಬರ್ಲಿನರ್ ಅದನ್ನು ‘ಸಿ’ ಭಾಷೆಯಲ್ಲಿ ಹೊಸದಾಗಿ ರಚಿಸಿದರು.

ಬಳಸುವ ಕ್ರಮ ಸರಳ. ‘ಚೆಕ್‌ಔಟ್’ ಎಂದು ಟೈಪ್ ಮಾಡಿದರೆ ಸ್ವಂತ ಪ್ರತಿ ಸಿಗುತ್ತದೆ. ‘ಅಪ್‌ಡೇಟ್’ ಎಂದರೆ ಇತರರ ತಿದ್ದುಪಡಿಗಳು ಬಂದು ಸೇರುತ್ತವೆ. ‘ಕಮಿಟ್’ ಎಂದರೆ ನಮ್ಮದು ಭಂಡಾರಕ್ಕೆ ಹೋಗುತ್ತದೆ. ಅಷ್ಟರಲ್ಲಿ ಬೇರೊಬ್ಬರು ಅದೇ ಕಡತವನ್ನು ಬದಲಿಸಿದ್ದರೆ ಸಿವಿಎಸ್ ಒಪ್ಪುವುದಿಲ್ಲ. ಮೊದಲು ‘ಅಪ್‌ಡೇಟ್’ ಮಾಡಿ ಎನ್ನುತ್ತದೆ. ಇಬ್ಬರೂ ತಿದ್ದಿದ ಸಾಲುಗಳು ಬೇರೆಯಾದರೆ ತಾನೇ ಬೆಸೆಯುತ್ತದೆ. ಸಾಲು ಒಂದೇ ಆಗಿದ್ದರೆ ತೀರ್ಪು ಕೊಡದೆ, ಎರಡನ್ನೂ ಗುರುತು ಹಾಕಿ ತೋರಿಸುತ್ತದೆ.

ಇಲ್ಲೊಂದು ಎಚ್ಚರ ಬೇಕು. ಯಂತ್ರ ನೋಡುವುದು ಸಾಲುಗಳನ್ನು, ಅರ್ಥವನ್ನಲ್ಲ. ಒಬ್ಬ ಒಂದು ಫಂಕ್ಷನ್ನಿನ ಹೆಸರು ಬದಲಿಸಿದ, ಇನ್ನೊಬ್ಬಳು ಬೇರೆ ಕಡೆ ಹಳೆಯ ಹೆಸರನ್ನೇ ಬಳಸಿದಳು ಎನ್ನಿ. ಬೆಸುಗೆ ಸಲೀಸಾಗಿ ಆಗುತ್ತದೆ, ಪ್ರೋಗ್ರಾಂ ಮಾತ್ರ ಓಡುವುದಿಲ್ಲ. ಆದ್ದರಿಂದ ಬೆಸೆದ ಮೇಲೆ ಓಡಿಸಿ ನೋಡಲೇಬೇಕು. ಜೊತೆಗಾರರು ಪರಸ್ಪರ ಮಾತನಾಡಲೂಬೇಕು.

ಸಿವಿಎಸ್‌ನ ಜಾಗವನ್ನು ಈಗ ಬಹುಮಟ್ಟಿಗೆ 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಗಿಟ್ ಪಡೆದಿದೆ. ಅದು ಉಚಿತ, ಮನೆಯ ಕಂಪ್ಯೂಟರಿನಲ್ಲೇ ಕಲಿಯಬಹುದು. ಪ್ರತಿ ‘ಕಮಿಟ್’ ಜೊತೆಗೆ ಏನು ಬದಲಾಯಿತು, ಏಕೆ ಎಂದು ಒಂದು ಸಾಲು ಬರೆಯುವ ರೂಢಿ ಮಕ್ಕಳಿಗಿರಲಿ. ಪ್ರಾಜೆಕ್ಟಿನಲ್ಲಿ ತಮ್ಮ ಮಗಳ ಪಾಲೆಷ್ಟು ಎಂದು ತಂದೆತಾಯಿ ಕೇಳಿದಾಗ, ‘ಲಾಗ್’ ಎಂಬ ಆಜ್ಞೆ ತಾರೀಕಿನ ಸಮೇತ ಉತ್ತರ ಕೊಡುತ್ತದೆ.