ನೋವಿನ ಮಾತ್ರೆ, ಖಿನ್ನತೆಯ ಮಾತ್ರೆ: ಒಟ್ಟಿಗೆ ನುಂಗುವ ಮೊದಲು ತಿಳಿದಿರಲಿ

ಬೆನ್ನುನೋವಿಗೆ ಮೂಳೆ ವೈದ್ಯರು ಟ್ರಮಡಾಲ್ ಬರೆದಿದ್ದಾರೆ. ಖಿನ್ನತೆಗೆಂದು ಇನ್ನೊಬ್ಬ ವೈದ್ಯರು ಬರೆದ ಎಸ್ಸಿಟಾಲೊಪ್ರಾಮ್ ಮೊದಲಿನಿಂದಲೂ ನಡೆಯುತ್ತಿದೆ. ಒಬ್ಬರ ಚೀಟಿ ಇನ್ನೊಬ್ಬರು ನೋಡಿಲ್ಲ. ಚೆನ್ನೈನ ಸೌಕಾರ್‌ಪೇಟೆಯಲ್ಲಿ ಕನ್ನಡ, ತಮಿಳು, ಹಿಂದಿ, ಯಾವ ಭಾಷೆಯವರು ಔಷಧ ಅಂಗಡಿಗೆ ಬಂದರೂ ಕೇಳುವ ಪ್ರಶ್ನೆ ಒಂದೇ: "ಎರಡೂ ಒಟ್ಟಿಗೆ ತಗೋಬಹುದಾ?" ಇದಕ್ಕೆ ಉತ್ತರ ಮೆದುಳಿನ ಒಂದು ಪ್ರೋಟೀನಿನ ಆಕಾರದಲ್ಲಿದೆ.

ಪ್ರೋಟೀನು ಮಾಡುವ ಕೆಲಸ

ನರಕೋಶಗಳು ಸಿರೊಟೋನಿನ್, ನಾರ್‌ಎಪಿನೆಫ್ರಿನ್‌ನಂಥ ರಾಸಾಯನಿಕಗಳ ಮೂಲಕ ಸಂದೇಶ ಕಳಿಸುತ್ತವೆ. ಸಂದೇಶ ಮುಟ್ಟಿದ ಮೇಲೆ ಅವನ್ನು ಮತ್ತೆ ಕೋಶದೊಳಗೆ ಎಳೆದುಕೊಳ್ಳುವುದು ಟ್ರಾನ್ಸ್‌ಪೋರ್ಟರ್ ಪ್ರೋಟೀನು. ಕೋಶದ ಪೊರೆಯನ್ನು 12 ಸಲ ಹಾದುಹೋಗುವ ಈ ಪ್ರೋಟೀನಿನ ನಡುವೆ ಒಂದು ಗುಳಿಯಿದೆ. ಸೋಡಿಯಂ ಜೊತೆಗೆ ರಾಸಾಯನಿಕ ಬಂದು ಅಲ್ಲಿ ಕೂತರೆ ಹೊರಬಾಗಿಲು ಮುಚ್ಚಿ ಒಳಬಾಗಿಲು ತೆರೆಯುತ್ತದೆ.

ಗುಳಿಯಲ್ಲಿರುವ ಆಸ್ಪಾರ್ಟೇಟ್ ಎಂಬ ಅಮೈನೊ ಆಮ್ಲ ರಾಸಾಯನಿಕದ ಸಾರಜನಕದ ತುದಿಯನ್ನು ಹಿಡಿದುಕೊಳ್ಳುತ್ತದೆ. ಔಷಧದ ಅಣುವಿಗೂ ಅಂಥದೇ ತುದಿಯಿದೆ, ಆದರೆ ಮೈ ದೊಡ್ಡದು. ಅದು ಕೂತರೆ ಹೊರಬಾಗಿಲು ಮುಚ್ಚುವುದಿಲ್ಲ, ಸಾಗಣೆ ನಿಲ್ಲುತ್ತದೆ. ಕೋಶದ ಹೊರಗೆ ರಾಸಾಯನಿಕ ಹೆಚ್ಚುತ್ತದೆ.

ಬೆಂಗಳೂರಿನಲ್ಲಿ ಕಂಡದ್ದು

2016ರಲ್ಲಿ ಅಮೆರಿಕದ ಎರಿಕ್ ಗೌವೊ ಅವರ ತಂಡ ಮಾನವ ಸಿರೊಟೋನಿನ್ ಟ್ರಾನ್ಸ್‌ಪೋರ್ಟರ್‌ನ ಈ ಗುಳಿಯಲ್ಲಿ ಎಸ್ಸಿಟಾಲೊಪ್ರಾಮ್ ಕೂತಿರುವುದನ್ನು ತೋರಿಸಿತು. 2021ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರವಿಂದ್ ಪೆನ್ಮತ್ಸ ಅವರ ತಂಡ ಹಣ್ಣುನೊಣದ ಡೋಪಮೈನ್ ಟ್ರಾನ್ಸ್‌ಪೋರ್ಟರನ್ನು ಮಾನವ ನಾರ್‌ಎಪಿನೆಫ್ರಿನ್ ಟ್ರಾನ್ಸ್‌ಪೋರ್ಟರನ್ನು ಹೋಲುವಂತೆ ಮಾರ್ಪಡಿಸಿ ಅಧ್ಯಯನ ಮಾಡಿತು. ಅದರ ಗುಳಿಯಲ್ಲಿ ಡುಲಾಕ್ಸೆಟಿನ್, ಮಿಲ್ನಾಸಿಪ್ರಾನ್ ಮಾತ್ರವಲ್ಲ, ಟ್ರಮಡಾಲ್ ಕೂಡ ಕೂತದ್ದು ಕಂಡಿತು.

ಅಂದರೆ ಟ್ರಮಡಾಲ್ ಬರೀ ಅಫೀಮಿನ ಬಳಗದ ನೋವುನಿವಾರಕವಲ್ಲ, ಸ್ವಲ್ಪ ಮಟ್ಟಿಗೆ ಖಿನ್ನತೆಯ ಮಾತ್ರೆಯ ಕೆಲಸವನ್ನೂ ಮಾಡುತ್ತದೆ. ಅದು ಸಿರೊಟೋನಿನ್ ಸಾಗಣೆಯನ್ನೂ ತಡೆಯುತ್ತದೆ. ಎರಡೂ ಸೇರಿದರೆ ಸಿರೊಟೋನಿನ್ ಅತಿಯಾಗಬಹುದು. ಫ್ಲುಯಾಕ್ಸೆಟಿನ್, ಪ್ಯಾರಾಕ್ಸೆಟಿನ್ ಜೊತೆ ಇನ್ನೊಂದು ತೊಡಕಿದೆ: ಟ್ರಮಡಾಲನ್ನು ಬಲವಾದ ನೋವುನಿವಾರಕವಾಗಿ ಬದಲಿಸುವ ಯಕೃತ್ತಿನ ಕಿಣ್ವವನ್ನು ಇವು ತಡೆಯುತ್ತವೆ. ನೋವು ಇಳಿಯದೆಂದು ಇನ್ನೊಂದು ಮಾತ್ರೆ ನುಂಗಿದರೆ ಅಪಾಯವೇ ಹೆಚ್ಚು.

ನೀವು ಮಾಡಬೇಕಾದದ್ದು

ಭಾರತದಲ್ಲಿ 2018ರಿಂದ ಟ್ರಮಡಾಲ್ ಮಾದಕ ವಸ್ತು ನಿಯಂತ್ರಣ ಕಾಯ್ದೆಯಡಿ ಇದೆ. ಆದರೆ ನಿಮ್ಮ ಮನೆಯಲ್ಲಿ ಯಾವ ಮಾತ್ರೆಗಳು ಜೊತೆಯಾಗುತ್ತಿವೆ ಎಂಬುದನ್ನು ಕಾಯ್ದೆ ನೋಡುವುದಿಲ್ಲ. ಸ್ಟ್ರಿಪ್ ಮೇಲಿನ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಬಿಟ್ಟು, ಸಣ್ಣ ಅಕ್ಷರದ ಔಷಧದ ಹೆಸರು ಓದಿ. ಪ್ಯಾರಾಸಿಟಮಾಲ್ ಜೊತೆಗೂ ಟ್ರಮಡಾಲ್ ಬೆರೆತು ಬರುತ್ತದೆ. ಹೊಸ ಚೀಟಿ ಬರೆಸುವಾಗ ಹಳೆಯ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ.

ವೈದ್ಯರು ಯೋಚಿಸಿಯೇ ಎರಡನ್ನೂ ಕೊಟ್ಟಿರಬಹುದು. ಹಾಗಾಗಿ ಹೆದರಿ ಖಿನ್ನತೆಯ ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ, ಅದರಿಂದಲೂ ತೊಂದರೆಯಾಗುತ್ತದೆ. ಆದರೆ ಕೈಕಾಲು ನಡುಕ, ಮೈ ಬೆವರುವುದು, ಎದೆಬಡಿತ ಜೋರಾಗುವುದು, ಜ್ವರ, ಭೇದಿ, ತಳಮಳ ಕಂಡರೆ ಮುಂದಿನ ಡೋಸ್ ತೆಗೆದುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಿ. ಫಿಟ್ಸ್ ಬಂದರೆ 108ಕ್ಕೆ ಕರೆ ಮಾಡಿ. ಸ್ಟ್ರಿಪ್‌ಗಳು ಜೊತೆಯಲ್ಲಿರಲಿ.