ಚಿನ್ನ ಕರಗಲು ಎಷ್ಟು ಆಮ್ಲ ಬೇಕು? ಮನೆಮಂದಿಗೆ ಈ ಲೆಕ್ಕ ತಿಳಿದಿರಲಿ

ಹಳೆಯ ಬಳೆ, ಕರಿಮಣಿ ಸರಗಳಿಗೆ ಹೊಸ ಮೆರುಗು ಕೊಡುತ್ತೇವೆಂದು ಮನೆಬಾಗಿಲಿಗೆ ಬಂದು ವಂಚಿಸುವವರ ಸುದ್ದಿ ಮುಂಬಯಿಗರಿಗೆ ಹೊಸದೇನಲ್ಲ. ಇಂತಹ ಸುದ್ದಿ ಓದಿದಾಗ "ಇಷ್ಟೂ ತಿಳಿಯಬಾರದೇ?" ಎಂದು ಮೋಸ ಹೋದ ಗೃಹಿಣಿಯನ್ನೇ ದೂರುವವರು ನಮ್ಮಲ್ಲಿ ಹಲವರಿದ್ದಾರೆ. ಆದರೆ ಕಣ್ಣೆದುರಿಗೇ ಕುಳಿತು, ಬಳೆಯನ್ನು ಬಟ್ಟಲಲ್ಲಿ ಅದ್ದಿ, ಥಳಥಳ ಹೊಳೆಯಿಸಿ ಮರಳಿ ಕೈಗಿತ್ತು ಹೋಗುವವನ ಮೇಲೆ ಸಂಶಯ ಮೂಡುವುದಾದರೂ ಹೇಗೆ? ಕೊಟ್ಟ ಬಳೆ ನಾಲ್ಕು, ಬಂದ ಬಳೆಯೂ ನಾಲ್ಕು. ಹೋದದ್ದು ತೂಕ ಮಾತ್ರ.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇದೇ ವಂಚನೆಯನ್ನು ಕಥೆಯಂತೆ ಹೇಳಿ, ಆ ದ್ರವ ಯಾವುದೆಂದು ಮಕ್ಕಳನ್ನು ಕೇಳಲಾಗಿದೆ. ಉತ್ತರ ಅಕ್ವಾ ರೀಜಿಯಾ. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ ಬೆರೆಸಿದ ದ್ರವವಿದು. ಇವೆರಡೂ ಬೇರೆ ಬೇರೆಯಾಗಿ ಚಿನ್ನವನ್ನು ಕರಗಿಸಲಾರವು, ಕೂಡಿದರೆ ಕರಗಿಸುತ್ತವೆ. ಮಕ್ಕಳು ಉತ್ತರ ಬರೆದು ಅಂಕ ಪಡೆಯುತ್ತಾರೆ. ಆದರೆ ಈ ದ್ರವ ಎಷ್ಟಿದ್ದರೆ ಸಾಕು ಎಂಬ ಲೆಕ್ಕ ಮನೆಯ ಹಿರಿಯರವರೆಗೆ ತಲುಪುವುದೇ ಇಲ್ಲ.

ಲೆಕ್ಕ ಕಠಿಣವೇನಲ್ಲ. ಚಿನ್ನದ ಒಂದು ಪರಮಾಣುವಿಗೆ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಅಣು ಮತ್ತು ನೈಟ್ರಿಕ್ ಆಮ್ಲದ ಒಂದು ಅಣು ಬೇಕು. ತೂಕದಲ್ಲಿ ಹೇಳುವುದಾದರೆ 197 ಗ್ರಾಂ ಚಿನ್ನಕ್ಕೆ 146 ಗ್ರಾಂ ಮತ್ತು 63 ಗ್ರಾಂ. ಅಂಗಡಿಯ ಗಾಢ ಆಮ್ಲದಲ್ಲೂ ನೀರಿನಂಶ ಇರುತ್ತದೆ. ಅದನ್ನು ಸೇರಿಸಿ ನೋಡಿದರೆ 10 ಗ್ರಾಂ ಚಿನ್ನಕ್ಕೆ ಒಂದು ಸುಮಾರು 17 ಮಿಲಿ, ಇನ್ನೊಂದು ಸುಮಾರು 3 ಮಿಲಿ, ಒಟ್ಟು 20 ಮಿಲಿ. ಹೊಗೆಯಾಗಿ ಹೋಗುವುದನ್ನು ಹಿಡಿದರೂ ಸುಮಾರು 40 ಮಿಲಿ. ಅಂದರೆ ಒಂದು ಕಟಿಂಗ್ ಚಹಾಕ್ಕಿಂತ ಹೆಚ್ಚಲ್ಲ! ಎರಡು ಗ್ರಾಂ ಕರಗಿಸಲು ಎರಡು ಚಮಚ ಸಾಕು. ಇಷ್ಟು ಚಿಕ್ಕ ಬಟ್ಟಲಿನಿಂದ ಏನಾದೀತು ಎಂಬ ನಮ್ಮ ನಂಬಿಕೆಯೇ ವಂಚಕನ ಬಂಡವಾಳ.

ಹಾಲ್‌ಮಾರ್ಕ್ ಇದೆಯಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾದ ಈ ಗುರುತು ಚಿನ್ನದ ಶುದ್ಧತೆಯನ್ನು ಹೇಳುತ್ತದೆ. ಈಗ ಬಳೆಯ ತೂಕ ಎಷ್ಟಿದೆ ಎಂದು ಅದು ಹೇಳದು. 40 ಗ್ರಾಂ ಬಳೆ 38 ಗ್ರಾಂ ಆದರೆ ಕೈಗೂ ಗೊತ್ತಾಗದು.

ಕರಗಿದ ಚಿನ್ನ ನಾಶವಾಗುವುದಿಲ್ಲ ಎಂಬುದೂ ತಿಳಿದಿರಬೇಕು. 1940ರಲ್ಲಿ ಜರ್ಮನ್ ಸೇನೆ ಕೋಪನ್‌ಹೇಗನ್ ಪ್ರವೇಶಿಸಿದಾಗ ವಿಜ್ಞಾನಿ ಜಾರ್ಜ್ ಡಿ ಹೆವೆಸಿಯವರು ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರ ನೊಬೆಲ್ ಪದಕಗಳನ್ನು ಇದೇ ದ್ರವದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟರು. ಯುದ್ಧದ ನಂತರ ಆ ದ್ರವದಿಂದ ಚಿನ್ನ ಮರಳಿ ದೊರೆತು, ಅದರಿಂದಲೇ ಪದಕಗಳು ಮತ್ತೆ ತಯಾರಾದವು. ಮೆರುಗಿನವನು ತನ್ನ ಬಟ್ಟಲನ್ನು ಜೋಪಾನವಾಗಿ ಒಯ್ಯುವುದೂ ಇದಕ್ಕೇ. ಸಂಶಯ ಬಂದರೆ ಆ ದ್ರವವನ್ನು ಮುಟ್ಟದೆ, ಕಾವಲುಗಾರನನ್ನೂ ಪೊಲೀಸರನ್ನೂ ಕರೆಯಬೇಕು. ದ್ರವವೇ ಸಾಕ್ಷಿ. ಮನೆಯವರು ಬೈದಾರು ಎಂದು ಹೆದರಿ ಸುಮ್ಮನಾದರೆ ಆತ ಪಕ್ಕದ ಕಟ್ಟಡದ ಗಂಟೆ ಒತ್ತುತ್ತಾನೆ.

ಇದರಿಂದ ಪ್ರಾಮಾಣಿಕ ಅಕ್ಕಸಾಲಿಗರ ಮೇಲೆ ಅಪನಂಬಿಕೆ ಹುಟ್ಟಬಾರದು. ಪರಿಚಯದ ಅಂಗಡಿಯಲ್ಲಿ ಕೊಡುವ ಮೊದಲು, ಪಡೆದ ನಂತರ ತೂಗಿಸಿ ಚೀಟಿ ಪಡೆಯುವುದು ಇಬ್ಬರಿಗೂ ಮರ್ಯಾದೆ. ಮನೆಯಲ್ಲಾದರೆ ಅಂಟುವಾಳಕಾಯಿಯ ನೀರು, ಮೆದು ಬ್ರಶ್ ಸಾಕು.

ನಮ್ಮ ಸಂಘ-ಸಂಸ್ಥೆಗಳ ಮಹಿಳಾ ವಿಭಾಗಗಳು ಅರಸಿನ ಕುಂಕುಮ ಕಾರ್ಯಕ್ರಮಗಳಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಿಡಲಿ. ಹತ್ತನೇ ತರಗತಿಯ ಮಕ್ಕಳಿಂದಲೇ ಹಲಗೆಯ ಮೇಲೆ ಈ ಲೆಕ್ಕ ಮಾಡಿಸಲಿ. ಪ್ರಯೋಗ ಬೇಡ, ಅದರ ಹೊಗೆ ವಿಷಕಾರಿ. ಒಂದು ಡಿಜಿಟಲ್ ತಕ್ಕಡಿ ಇಟ್ಟು, ಪ್ರತಿಯೊಬ್ಬರೂ ತಮ್ಮ ಒಡವೆಯ ತೂಕ ಬರೆದುಕೊಂಡು ಹೋಗುವಂತಾಗಲಿ. ಹಗಲಿನಲ್ಲಿ ಮನೆಯಲ್ಲಿ ಒಬ್ಬರೇ ಇರುವ ನಮ್ಮ ತಾಯಂದಿರಿಗೆ, ಅತ್ತೆಯಂದಿರಿಗೆ ಸಂಘ ನೀಡಬಹುದಾದ ದೊಡ್ಡ ರಕ್ಷಣೆಯಿದು.