ನಾಲಗೆಯ ಕನ್ನಡಿ

ನಾಲಗೆ ಆಡುವ ಮಾತನ್ನು ಕೇಳಿ ಮನುಷ್ಯನ ಗುಣವನ್ನು ಅಳೆಯುವುದು ಲೋಕರೂಢಿ. ಅದೇ ನಾಲಗೆಯ ಬಣ್ಣವನ್ನು ನೋಡಿ ದೇಹಸ್ಥಿತಿಯನ್ನು ಅಳೆಯುವ ವಿದ್ಯೆಯೊಂದನ್ನು ಚೀನಾ ದೇಶದ ವೈದ್ಯರು ಶತಮಾನಗಳಿಂದ ಬೆಳೆಸಿಕೊಂಡು ಬಂದಿದ್ದಾರೆ. ಆ ವಿಷಯವಾಗಿ ಈ ಸಲ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಚೀನೀ ವೈದ್ಯದಲ್ಲಿ ರೋಗಪರೀಕ್ಷೆಗೆ ನಾಲ್ಕು ಮಾರ್ಗಗಳುಂಟು: ನೋಡುವುದು, ಆಲಿಸಿ ಮೂಸುವುದು, ಪ್ರಶ್ನಿಸುವುದು, ನಾಡಿ ಹಿಡಿದು ಮುಟ್ಟಿನೋಡುವುದು. ನಾಲಗೆಯ ಪರೀಕ್ಷೆ ಮೊದಲನೆಯದಕ್ಕೆ ಸೇರಿದುದು. ನಾಲಗೆಯನ್ನೇ ಕುರಿತ ಪ್ರಾಚೀನ ಗ್ರಂಥವೊಂದು 1341ರಲ್ಲಿ ಸಿದ್ಧವಾಯಿತು. ಆವೋ ಎಂಬ ವೈದ್ಯನ 12 ಚಿತ್ರಗಳಿಗೆ ದು ಬೆನ್ ಎಂಬ ವಿದ್ವಾಂಸನು 24ನ್ನು ಸೇರಿಸಿ, ಒಟ್ಟು 36 ಬಗೆಯ ನಾಲಗೆಗಳನ್ನು ಅದರಲ್ಲಿ ವಿವರಿಸಿದನು. ಗ್ರಂಥದ ಹೆಸರಿನಲ್ಲಿಯೇ 'ಚಿನ್ನದ ಕನ್ನಡಿ' ಎಂಬ ಮಾತಿದೆ. ಮುಂದೆ 18ನೆಯ ಶತಮಾನದಲ್ಲಿ ಯೆ ತಿಯಾನ್‌ಷಿ ಎಂಬ ವೈದ್ಯನು ಉಷ್ಣಜ್ವರಗಳ ಹಂತಗಳನ್ನು ಗುರುತಿಸಲು ನಾಲಗೆಯ ಲೇಪವನ್ನು ವಿಶೇಷವಾಗಿ ಗಮನಿಸಿದನು.

ಅವರ ದೃಷ್ಟಿಯಲ್ಲಿ ನಾಲಗೆಯ ಮೈ ಬೇರೆ, ಮೇಲಿನ ಲೇಪ ಬೇರೆ. ನಸುಗೆಂಪು ಮೈ, ತೆಳುವಾದ ಬಿಳಿಯ ಲೇಪ ಇವು ಆರೋಗ್ಯದ ಚಿಹ್ನೆಗಳು. ಮೈ ಕಡುಗೆಂಪಾದರೆ ಉಷ್ಣ, ಬಿಳಿಚಿಕೊಂಡರೆ ಶಕ್ತಿಕ್ಷಯ, ನೇರಳೆಯಾದರೆ ರಕ್ತದ ಓಟಕ್ಕೆ ತಡೆ. ಲೇಪ ಹಳದಿಯಾದರೆ ಉಷ್ಣ, ಜಿಡ್ಡಾದರೆ ಕಫ. ತುದಿ ಹೃದಯ ಶ್ವಾಸಕೋಶಗಳದು, ನಡು ಜಠರದ್ದು, ಅಂಚುಗಳು ಯಕೃತ್ತಿನವು, ಬುಡ ಮೂತ್ರಪಿಂಡಗಳದು ಎಂದು ಅವರ ಎಣಿಕೆ. ಹಗಲ ಬೆಳಕಿನಲ್ಲಿಯೇ ನೋಡಬೇಕು. ಚಹಾ ಕಾಫಿಗಳ ಬಣ್ಣ ಅಂಟಿರಬಾರದು. ಪರೀಕ್ಷೆಗೆ ಮುನ್ನ ನಾಲಗೆಯನ್ನು ಕೆರೆದಿರಲೂಬಾರದು.

ನಮ್ಮ ಆಯುರ್ವೇದಕ್ಕೂ ಈ ದಾರಿ ಅಪರಿಚಿತವಲ್ಲ. ಯೋಗರತ್ನಾಕರವು ಹೇಳುವ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿ, ಮಲ, ಮೂತ್ರಗಳೊಡನೆ ಜಿಹ್ವೆಯೂ ಸೇರಿದೆ.

ಹಾಗಾದರೆ ಇದನ್ನು ಎಷ್ಟು ನಂಬಬೇಕು? ನಾಲಗೆಯ ಭಾಗಗಳಿಗೂ ಒಳಗಿನ ಅಂಗಗಳಿಗೂ ಕಲ್ಪಿಸಿದ ಈ ಸಂಬಂಧವನ್ನು ಆಧುನಿಕ ಶರೀರಶಾಸ್ತ್ರ ಒಪ್ಪುವುದಿಲ್ಲ. ಒಂದೇ ನಾಲಗೆಯನ್ನು ಕಂಡ ಇಬ್ಬರು ವೈದ್ಯರ ಅಭಿಪ್ರಾಯವೂ ಯಾವಾಗಲೂ ಒಂದಾಗುವುದಿಲ್ಲ. ಈ ಭೇದವನ್ನು ನೀಗಲೆಂದೇ ಕ್ಯಾಮೆರಾ, ಗಣಕಯಂತ್ರಗಳ ನೆರವಿನಿಂದ ನಾಲಗೆಯ ಬಣ್ಣವನ್ನು ಅಳೆಯುವ ಸಂಶೋಧನೆ ಚೀನಾದಲ್ಲಿ ನಡೆದಿದೆ. ಆದರೆ ನಾಲಗೆಯನ್ನು ನೋಡುವ ಅಭ್ಯಾಸ ಮಾತ್ರ ವ್ಯರ್ಥವಲ್ಲ. ಬಿಳಿಚಿದ ನಾಲಗೆ ರಕ್ತಹೀನತೆಯನ್ನು ಸೂಚಿಸಬಹುದು. ಬಿ-12 ಜೀವಸತ್ವದ ಕೊರತೆಯಿಂದ ನಾಲಗೆ ನುಣುಪಾಗಿ ಕೆಂಪೇರಬಹುದು. ಇವನ್ನು ರಕ್ತಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕೇ ಹೊರತು ಬಣ್ಣವೊಂದನ್ನೇ ನಂಬಿ ಔಷಧಿ ಸೇವಿಸಬಾರದು.

ಇನ್ನೊಂದು ಸಂಗತಿಯನ್ನು ನಾವು ಒತ್ತಿ ಹೇಳಬೇಕಾಗಿದೆ. ತಂಬಾಕು, ಗುಟ್ಕಾ, ಅಡಿಕೆಗಳನ್ನು ಅಗಿಯುವ ರೂಢಿ ನಮ್ಮ ನಾಡಿನ ಅನೇಕ ಮನೆಗಳಲ್ಲಿದೆ. ಬಾಯಿಯ ಕ್ಯಾನ್ಸರ್‌ಗೆ ಇವು ಕಾರಣಗಳೆಂಬುದು ಸಿದ್ಧಪಟ್ಟಿದೆ. ನಾಲಗೆಯ ಅಂಚಿನಲ್ಲಿ, ಕೆನ್ನೆಯ ಒಳಭಾಗದಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆಯಾಗಲಿ, ಹುಣ್ಣಾಗಲಿ ಎರಡು ವಾರ ಕಳೆದರೂ ಮಾಯದಿದ್ದರೆ ತಡಮಾಡದೆ ತಜ್ಞರಿಗೆ ತೋರಿಸತಕ್ಕದ್ದು. ಆರಂಭದಲ್ಲಿ ಅದು ನೋಯದಿರಬಹುದು. ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ. ಬೇಗ ಕಂಡುಹಿಡಿದರೆ ಗುಣವಾಗುವ ಸಂಭವ ಹೆಚ್ಚು.

ಮಕ್ಕಳಿಗೆ ಜ್ವರ ಬಂದಾಗ 'ನಾಲಗೆ ಚಾಚು' ಎನ್ನುವ ತಾಯಂದಿರು, ಎಲೆಯಡಿಕೆ ಹಾಕುವ ಹಿರಿಯರಿಗೂ ತಿಂಗಳಿಗೊಮ್ಮೆ ಆ ಮಾತನ್ನು ಹೇಳಲಿ. ಹಗಲ ಬೆಳಕು, ಒಂದು ಕನ್ನಡಿ, ಎರಡು ನಿಮಿಷ ಸಾಕು.